ರೈಲೂ ಕುದುರೆಯೂ ಒಂದೇ ಬಾವುಟದಲ್ಲಿ

ಕ್ವಾಮೆನಾ ಅಬಾಕಾ ಬಾವುಟ ಹೊಲಿಯುವವನು. ಹೊಲಿಯುತ್ತಿದ್ದವನು ಅಂದರೆ ಸರಿಯಾದೀತು. ಸಾಲ್ಟ್‌ಪಾಂಡ್‌ನಿಂದ ಎರಡು ಹರದಾರಿ ದೂರದ ನಮ್ಮ ಮೀನುಗಾರರ ಊರಿನಲ್ಲಿ ಎರಡು ಕೇರಿ, ಕೇರಿಗೊಂದು ಕಾಳಗದ ದಳ, ದಳಕ್ಕೊಂದು ಗುರುತಿನ ಬಾವುಟ. ಮೇಲಿನ ಕೇರಿಯ ದಳದ ಗುರುತು ರೈಲು, ಕೆಳಗಿನ ಕೇರಿಯದು ಕುದುರೆ. ಈ ಊರಿಗೆ ರೈಲು ಬಂದದ್ದೂ ಇಲ್ಲ, ಕುದುರೆ ಬಾಳಿದ್ದೂ ಇಲ್ಲ. ಆದರೂ ಅವುಗಳ ಮಾನ ಕಾಯಲು ನಮ್ಮವರು ಯಾವ ಹೊತ್ತಿನಲ್ಲೂ ದೊಣ್ಣೆ ಹಿಡಿದು ನಿಂತಿರುತ್ತಾರೆ.

ಈ ಕಥೆಗೆ ಐದು ವರ್ಷ ಮುಂಚೆ ಅಬಾಕಾ ಮೇಲಿನ ಕೇರಿಗೆ ಒಂದು ಬಾವುಟ ಹೊಲಿದುಕೊಟ್ಟಿದ್ದ. ಅದರಲ್ಲಿ ರೈಲಿಗೆ ಹೆದರಿ ಬಾಲ ಮುದುರಿಕೊಂಡು ಓಡುವ ಕುದುರೆ. ಕಸೂತಿ ಅದ್ಭುತವಾಗಿತ್ತು, ಬುದ್ಧಿ ಮಾತ್ರ ಎಲ್ಲಿ ಹುಲ್ಲು ಮೇಯಲು ಹೋಗಿತ್ತೋ! ಅಂದು ಹನ್ನೊಂದು ಮಂದಿಯ ತಲೆ ಒಡೆಯಿತು. ಬೇರೆ ಯಾವ ಮಾತಿಗೂ ಒಂದಾಗದ ಎರಡೂ ಕೇರಿಯ ಹಿರಿಯರು ಒಟ್ಟಿಗೆ ಕೂತು, ಇವನು ಇನ್ನು ಬಾವುಟ ಹೊಲಿಯಕೂಡದು ಎಂದು ತೀರ್ಮಾನಿಸಿದರು. ಸೋದರಮಾವನ ಕೈಕೆಳಗೆ ಹನ್ನೆರಡು ವರ್ಷ ಪಳಗಿದ ಕೈ ಅಂದಿನಿಂದ ಶಾಲೆಯ ಚಡ್ಡಿಗಳಿಗೆ ಗುಂಡಿ ಹಚ್ಚುತ್ತ ಕೂತಿತು.

ಸಾವಿರದ ಒಂಬೈನೂರ ಇಪ್ಪತ್ತಾರನೇ ಇಸವಿಯಲ್ಲಿ, ಅರಿವೆ ಅಂಗಡಿಯ ಒಡತಿ ಎಸಿ ಅಮಿಸಾ ಸಮುದ್ರದ ಕಡೆಗೆ ಒಂದು ಸಿನಿಮಾ ಹಾಲ್ ಕಟ್ಟಿಸಿದಳು. ಮೂಕಿ ಚಿತ್ರಗಳು ರಾಜಧಾನಿ ಅಕ್ರಾದಿಂದ ತಗಡಿನ ಪೆಟ್ಟಿಗೆಯಲ್ಲಿ ಹಡಗು ಹತ್ತಿ, ದೋಣಿಗೆ ಇಳಿದು, ಅರ್ಧ ನೆನೆದು ಬರುತ್ತಿದ್ದವು. ಜೊತೆಗೆ ಇಂಗ್ಲಿಷ್ ಅಚ್ಚಿನ ಭಿತ್ತಿಪತ್ರಗಳು, ಮತ್ತು ಶನಿವಾರವೇ ಬಿಡುಗಡೆ ಮಾಡಬೇಕೆಂಬ ಚೀಟಿ. ಭಿತ್ತಿಪತ್ರವನ್ನು ಊರಲ್ಲಿ ಓದಬಲ್ಲವರು ನಾಲ್ಕೇ ಮಂದಿ. ಮರಗೆಣಸಿನ ಗಂಜಿ ಹಚ್ಚಿ ಅಂಟಿಸಿದ್ದರಿಂದ ಆಡುಗಳು ಮಾತ್ರ ಬಹಳ ಮೆಚ್ಚಿಕೊಂಡು ತಿಂದವು. ಶನಿವಾರ ಗಂಡಸರೆಲ್ಲ ಕಡಲ ಮೇಲೆ. ಎರಡು ಚಿತ್ರಗಳು ಖಾಲಿ ಬೆಂಚುಗಳಿಗೆ ಕುಣಿದು ತೋರಿಸಿ ವಾಪಸು ಹೋದವು.

ಎಸಿ ಅಮಿಸಾ ಅಬಾಕಾನ ಬಾಗಿಲಿಗೆ ಬಂದಳು. "ಆಡು ತಿನ್ನದಂಥದ್ದು ಏನಾದ್ರೂ ಮಾಡಿಕೊಡಪ್ಪ."

"ಆಡು ಬಟ್ಟೆನೂ ಬಿಡಲ್ಲ, ಅಮ್ಮ."

"ಉದ್ದನೇ ಕೋಲಿನ ತುದಿಗೆ ಕಟ್ಟಿದ್ರೆ?"

ಅಬಾಕಾನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು.

ಮೇಲಿನ ಕೇರಿಯವರು ಬೇಗ ಒಪ್ಪಿದರು. ಆಮೇಲೆ ಇಬ್ಬರೂ ಕೆಳಗಿನ ಕೇರಿಯ ದಳಪತಿ ಓಟಾಬಿಲ್‌ನ ಹತ್ತಿರ ಒಪ್ಪಿಗೆ ಕೇಳಲು ಹೋದರು. ಅಂದು ಒಡೆದ ಹನ್ನೊಂದು ತಲೆಗಳಲ್ಲಿ ಒಂದು ಅವನದೇ. ಇದು ಯಾವ ದಳದ್ದೂ ಅಲ್ಲ, ಸಿನಿಮಾದ ಬಾವುಟ ಎಂದು ಎಸಿ ಅಮಿಸಾ ಗಂಟೆಗಟ್ಟಲೆ ವಾದಿಸಿದ ಮೇಲೆ ಅವನು ಹಣೆಯ ಗಾಯದ ಗುರುತು ಸವರಿಕೊಂಡು ಹೇಳಿದ: "ಆಯ್ತು, ಹೊಲಿ. ಆದ್ರೆ ಒಂದೇ ಒಂದು ಹನಿ ರಕ್ತ ಬಿತ್ತೋ, ನಿನ್ನ ಕತ್ರಿ ಸಮುದ್ರಕ್ಕೆ, ನೀನು ಊರಾಚೆಗೆ."

ಅಬಾಕಾ ಹೊಸ ಭಿತ್ತಿಪತ್ರ ಬಿಚ್ಚಿ ನೋಡಿದ. ಓಡುವ ರೈಲು, ಅದರ ಪಕ್ಕದಲ್ಲಿ ಕುದುರೆ ಸವಾರ!

"ಬೇರೆ ಚಿತ್ರ ಸಿಗಲಿಲ್ವಾ ಇವರಿಗೆ?" ಎಂದು ತಲೆ ಚಚ್ಚಿಕೊಂಡ.

ಹೆಂಡತಿ ನ್ಯಾನೆಬಾ ನಕ್ಕಳು. "ಬಾವುಟಕ್ಕೆ ಎರಡು ಮಗ್ಗಲು ಇರುತ್ತಲ್ರೀ. ಒಂದು ಕಡೆ ರೈಲು ಹೊಲೀರಿ, ಇನ್ನೊಂದು ಕಡೆ ಕುದುರೆ. ಯಾವ ಕೇರಿಗೆ ಯಾವ ಮಗ್ಗಲು ತೋರಿಸ್ಬೇಕೋ ನನಗೆ ಬಿಡಿ."

ಎರಡೂ ಮಗ್ಗಲಲ್ಲಿ ಒಂದೇ ಚಿತ್ರ ಇರಬೇಕೆಂಬುದು ಸೋದರಮಾವನ ಪಾಠ. ಅದನ್ನು ಮೀರಿ ಅಬಾಕಾ ಆರು ದಿನ ಹೊಲಿದ. ಹೊಲಿದರೆ ಸಾಲದು. ಬೀದಿಯಲ್ಲಿ ಹಿಡಿದು ಕುಣಿಯದ ಬಾವುಟ ನಮ್ಮಲ್ಲಿ ಬರೀ ಬಟ್ಟೆ. ದಳದ ಕುಣಿತಗಾರರು ಯಾರೂ ಮುಟ್ಟಲೊಪ್ಪದ್ದರಿಂದ, ಬಾವುಟ ಕುಣಿಸುವವನ ಮಗಳಾದ ನ್ಯಾನೆಬಾಳೇ ಸೆರಗು ಬಿಗಿದಳು. ಶನಿವಾರದ ಚೀಟಿಯನ್ನು ಹರಿದು ಬಿಸಾಕಿಸಿದವಳೂ ಅವಳೇ. ಮಂಗಳವಾರ ಸಮುದ್ರಕ್ಕೆ ರಜೆ, ಒಂದು ದೋಣಿಯೂ ಇಳಿಯುವುದಿಲ್ಲ. ಅಕ್ರಾದವರಿಗೆ ಅದೇನು ಗೊತ್ತು!

ಮಂಗಳವಾರ ಬೆಳಿಗ್ಗೆ ಡೋಲಿನ ಜೊತೆ ಮೆರವಣಿಗೆ ಹೊರಟಿತು. ಮೇಲಿನ ಕೇರಿಯಲ್ಲಿ ರೈಲು ಕುಣಿಯಿತು, ಜನ ಕೇಕೆ ಹಾಕಿ ಹಿಂದೆಯೇ ಬಂದರು. ಕೆಳಗಿನ ಕೇರಿಯ ಬಾವಿಯ ಹತ್ತಿರ ನ್ಯಾನೆಬಾ ಗಿರಕಿ ಹೊಡೆದು ಕುದುರೆ ತೋರಿಸಿದಳು. ಅಲ್ಲಿಯ ಜನವೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಕಡಲಿನಿಂದ ಬೀಸಿದ ಗಾಳಿ ಬಾವುಟವನ್ನು ಮಗುಚಿ ಹಾಕಿತು. ಕುದುರೆ ಕೇರಿಯ ನಟ್ಟನಡುವೆ, ಹೊಗೆ ಉಗುಳುತ್ತ, ರೈಲು!

ಡೋಲು ನಿಂತಿತು. "ಮತ್ತೆ ಅದೇ ಆಟನಾ?" ಎಂದು ಓಟಾಬಿಲ್ ಗುಡುಗಿದ. ಮೆರವಣಿಗೆಯ ಹಿಂದೆ ಬಂದಿದ್ದ ಮೇಲಿನ ಕೇರಿಯವರೂ ತಮ್ಮ ಕಡೆ ತಿರುಗಿದ ಕುದುರೆಯನ್ನು ಕಂಡು "ನಮಗೂ ಮೋಸ ಮಾಡ್ದ!" ಎಂದು ಕೂಗಾಡಿದರು. ಎರಡೂ ಕಡೆ ದೊಣ್ಣೆಗಳು ಮೇಲೆದ್ದವು.

ಅಬಾಕಾನಿಗೆ ಓಡಿಹೋಗೋಣ ಎಂದೇ ಅನ್ನಿಸಿತು. ಆದರೆ ಐದು ವರ್ಷ ಚಡ್ಡಿ ಹೊಲಿದವನ ಹೊಟ್ಟೆಯೊಳಗಿನ ಸಿಟ್ಟು ಕಾಲನ್ನು ಕದಲಗೊಡಲಿಲ್ಲ. ಬಾವಿಯ ಕಟ್ಟೆ ಹತ್ತಿ ನಿಂತ.

"ಹೌದು, ಎರಡೂ ಇದೆ! ಚಿತ್ರದಲ್ಲಿ ರೈಲೂ ಓಡುತ್ತೆ, ಕುದುರೆನೂ ಓಡುತ್ತೆ. ಯಾವುದು ಗೆಲ್ಲುತ್ತೆ ಅಂತ ನನಗೂ ಗೊತ್ತಿಲ್ಲ. ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ. ಗಂಡಸರಾದ್ರೆ ಸಾಯಂಕಾಲ ಬಂದು ಕೊನೇ ತನಕ ಕೂತು ನೋಡ್ರೋ! ಆಮೇಲೆ ಬೇಕಾದ್ರೆ ನನ್ನ ತಲೆ ಒಡೀರಿ!"

ಓಟಾಬಿಲ್ ದೊಣ್ಣೆ ಇಳಿಸಿದ. "ಕುದುರೆ ಸೋತ್ರೆ ಮೊದಲ ಏಟು ನಂದು," ಎಂದ.

ಸಂಜೆ ಹೊತ್ತು ಮುಳುಗುವ ಮೊದಲೇ ಹಾಲ್ ತುಂಬಿತು. ಬಲಗಡೆ ಮೇಲಿನ ಕೇರಿ, ಎಡಗಡೆ ಕೆಳಗಿನ ಕೇರಿ, ನಡುವಿನ ಓಣಿಯಲ್ಲಿ ಅಬಾಕಾ. ಮೇಷ್ಟ್ರೊಬ್ಬರು ಪರದೆಯ ಇಂಗ್ಲಿಷ್ ಬರಹವನ್ನು ನಮ್ಮ ಭಾಷೆಯಲ್ಲಿ ಕೂಗಿ ಹೇಳುತ್ತಿದ್ದರು. ರೈಲು ಮುಂದಾದಾಗ ಬಲಗಡೆ ಆರ್ಭಟ, ಕುದುರೆ ಮುಂದಾದಾಗ ಎಡಗಡೆ. ಪ್ರತಿ ಆರ್ಭಟಕ್ಕೂ ಅಬಾಕಾ ಬಾಗಿಲು ಎಷ್ಟು ದೂರವಿದೆ ಎಂದು ತಿರುಗಿ ನೋಡುತ್ತಿದ್ದ.

ಕೊನೆಯ ರೀಲಿನಲ್ಲಿ ಮೇಷ್ಟ್ರು ಕಿರುಚಿದರು: "ಮುಂದಿನ ಸೇತುವೆ ಮುರಿದಿದೆ! ರೈಲು ಓಡಿಸೋನಿಗೆ ಗೊತ್ತಿಲ್ಲ!"

ಸವಾರ ಕುದುರೆಯನ್ನು ರೈಲಿನ ಸಮಕ್ಕೆ ತಂದ. ಆಗ ಮೇಲಿನ ಕೇರಿಯ ಮುದುಕನೊಬ್ಬ ಎದ್ದು ನಿಂತು, ಜನ್ಮದಲ್ಲಿ ಮೊದಲ ಸಲ, "ಓಡೋ ಕುದುರೆ, ಓಡೋ!" ಎಂದು ಅರಚಿದ. ಮರುಕ್ಷಣ ಇಡೀ ಹಾಲ್ ಅದನ್ನೇ ಕೂಗುತ್ತಿತ್ತು. ಸವಾರ ಹಾರಿದ, ರೈಲನ್ನು ನಿಲ್ಲಿಸಿದ. ಸೇತುವೆಗೆ ಒಂದು ಮಾರು ಇರುವಾಗ ರೈಲು ನಿಂತಿತು, ಅದರ ಪಕ್ಕದಲ್ಲೇ ಕುದುರೆಯೂ ನಿಂತಿತು.

ಬೆಂಚುಗಳು ಮುರಿದವು, ತಲೆಗಳು ಒಡೆಯಲಿಲ್ಲ. ಎರಡೂ ಕೇರಿಯವರು ನ್ಯಾನೆಬಾಳನ್ನು ಬಾವುಟದ ಸಮೇತ ಹೆಗಲ ಮೇಲೆ ಹೊತ್ತು ಕಡಲ ದಂಡೆಯ ತನಕ ಕುಣಿದರು. ಅಬಾಕಾ ಹಾಲ್‌ನ ಮೆಟ್ಟಿಲಿನ ಮೇಲೆ ಕೂತು ಮಗುವಿನ ಹಾಗೆ ಅತ್ತ. ಚಿತ್ರ ಮುಂದಿನ ಊರಿಗೆ ಹೊರಟಾಗ, ಅಲ್ಲಿಯ ಹಾಲ್‌ನವರು ರೀಲಿಗಿಂತ ಮೊದಲು ಬಾವುಟವನ್ನು ಕಳಿಸಿ ಎಂದು ಹೇಳಿ ಕಳಿಸಿದರು.

ಚಿತ್ರ ನೋಡಿದ ಮರುದಿನ ಬೆಳಿಗ್ಗೆಯೇ ಓಟಾಬಿಲ್ ಕಂಕುಳಲ್ಲಿ ಕೆಂಪು ಬಟ್ಟೆಯ ಥಾನು ಇಟ್ಟುಕೊಂಡು ಬಂದ. "ನಮ್ಮ ದಳಕ್ಕೆ ಒಂದು ಬಾವುಟ ಬೇಕು. ಕುದುರೆ ಇರ್ಲಿ, ರೈಲೂ ಇರ್ಲಿ."

ಅಬಾಕಾ ಚಡ್ಡಿಗಳನ್ನು ಪಕ್ಕಕ್ಕೆ ತಳ್ಳಿ ಕತ್ತರಿ ಎತ್ತಿಕೊಂಡ. "ಒಂದೊಂದು ಮಗ್ಗಲಿಗೆ ಒಂದೊಂದಾ?"

"ಬೇಡಪ್ಪ, ಗಾಳಿ ನಂಬೋಕಾಗಲ್ಲ," ಎಂದ ಓಟಾಬಿಲ್. "ಒಂದೇ ಮಗ್ಗಲಲ್ಲಿ, ಪಕ್ಕಪಕ್ಕದಲ್ಲೇ ಹೊಲಿ."