ಸಿಟ್ಟಿನ ರೊಟ್ಟಿ

ಸಿಟ್ಟು ಬಂದ ದಿನ ನನ್ನ ಕೈಯ ಜೋಳದ ರೊಟ್ಟಿ ತೆಳ್ಳಗಾಗುತ್ತದೆ. ಹಿಟ್ಟಿಗೆ ಬೀಳುವ ಏಟು ಹಾಗಿರುತ್ತದೆ. ಇದನ್ನು ಮೊದಲು ಕಂಡುಹಿಡಿದವರು ನನ್ನ ಅತ್ತೆ.

ತೆಲುಗು ನಾಡಿನ ಸನತ್‌ನಗರದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ. ಸರಕನ್ನು ಲಾರಿಗೆ ಹತ್ತಿಸಿ ಕಳಿಸುವ ವಿಭಾಗ. ಪಕ್ಕದ ಕುರ್ಚಿಯ ರಾಯಚೂರಿನವಳು ನನಗಿಂತ ಎಷ್ಟೋ ತಡವಾಗಿ ಸೇರಿದವಳು. ಅವಳಿಗೆ ಕೆಲಸ ಕಲಿಸಿದ್ದೂ ನಾನೇ. ಬೆಳಗಿನಿಂದ ತೆಲುಗು, ಹಿಂದಿಯಲ್ಲಿ ಬಾಯಿ ನೋಯಿಸಿಕೊಂಡು, ಮಧ್ಯಾಹ್ನ ಇಬ್ಬರೇ ಡಬ್ಬಿ ಬಿಚ್ಚಿ ಕನ್ನಡದಲ್ಲಿ ಹರಟುವುದೇ ನಮಗೆ ಹಬ್ಬ. ನನ್ನ ರೊಟ್ಟಿ, ಅವಳ ಪಲ್ಯ. ಈ ಊರಲ್ಲಿ ನನಗಿದ್ದ ಒಬ್ಬಳೇ ಗೆಳತಿ ಅವಳು.

ಒಂದು ದಿನ ಸಾಹೇಬರು ಅವಳನ್ನು ಇನ್‌ಚಾರ್ಜ್ ಮಾಡಿಬಿಟ್ಟರು. ನಾನು ಹಲ್ಲು ಕಿರಿದು ಅವಳು ಹಂಚಿದ ಪೇಡೆ ತಿಂದೆ. ಹೊಟ್ಟೆಯೊಳಗೆ ಮಾತ್ರ ಧಗಧಗ! ಅದಕ್ಕಿಂತ ಹೆಚ್ಚು ಸುಟ್ಟದ್ದು, ‘ಥೂ, ಗೆಳತಿಯ ಏಳಿಗೆ ಕಂಡು ಉರಿಯುವ ನಾನೆಂಥ ಹೆಂಗಸು’ ಎಂಬ ಯೋಚನೆ. ಅವಳಿಗೆ ಮುಖ ತೋರಿಸಲಾಗದೆ, ಉಪವಾಸ ಎಂದು ಸುಳ್ಳು ಹೇಳಿ ಊಟದ ಹೊತ್ತಿಗೆ ತಪ್ಪಿಸಿಕೊಳ್ಳತೊಡಗಿದೆ. ಸೋಮವಾರ ಶಿವನಿಗೆ, ಮಂಗಳವಾರ ದೇವಿಗೆ. ಬುಧವಾರಕ್ಕೆ ಯಾವ ದೇವರೂ ಹೊಳೆಯದೆ ಹೊಟ್ಟೆನೋವು ಎಂದೆ.

ಡಬ್ಬಿ ತುಂಬಿದ್ದು ತುಂಬಿದಂತೆಯೇ ಮನೆಗೆ ವಾಪಸು ಬರುತ್ತಿತ್ತು. ಗುರುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಅತ್ತೆ ಒಂದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದರು.

“ಏನವ್ವಾ, ಹಾಳಿ ಹಂಗ ಆಗ್ಯಾವಲ್ಲ! ಯಾರ ಮ್ಯಾಲಿನ ಸಿಟ್ಟು ಇದು?”

ತಡೆಯಲಾಗದೆ ಎಲ್ಲ ಹೇಳಿ ಅತ್ತುಬಿಟ್ಟೆ. “ನಂದ ಕೆಟ್ಟ ಮನಸ್ಸರಿ, ಅತ್ತಿ.”

“ಹುಚ್ಚಿ! ಒಲಿ ಹಚ್ಚಿದ ಮ್ಯಾಲ ಹೊಗಿ ಬರೂದಿಲ್ಲೇನು? ಕೆಲಸ ಕಲಿಸಿದಾಕಿ ನೀನು, ಖುರ್ಚಿ ಆಕಿಗೆ. ಉರಿದ ಉರೀತೈತಿ. ಹಂಗಂತ ನೀ ಆಕಿ ಡಬ್ಬ್ಯಾಗ ಮಣ್ಣ ಹಾಕೀಯೇನು? ಇಲ್ಲಲ್ಲ? ಸುಮ್ನ ಹೋಗಿ ಕೂಡಿ ಊಟಾ ಮಾಡು.”

ಅವತ್ತು ಮಧ್ಯಾಹ್ನ ಡಬ್ಬಿ ಹಿಡಿದು ಅವಳೆದುರು ಕೂತೆ. ಇವತ್ತಿಗೆ ಗೆಳೆತನ ಮುಗಿಯಿತು ಅಂದುಕೊಂಡೇ ಬಾಯಿ ತೆಗೆದೆ.

“ನಿನಗ ಆ ಖುರ್ಚಿ ಸಿಕ್ಕದ್ದಕ್ಕ ನನಗ ಭಾಳ ಹೊಟ್ಟಿಕಿಚ್ಚ ಆಗೇತಿ. ಇನ್ನೂ ಹೋಗಿಲ್ಲ.”

ಅವಳು ನನ್ನನ್ನೇ ನೋಡಿದಳು. “ನಿನ್ನ ಜಾಗಾದಾಗ ನಾ ಇದ್ದಿದ್ರ ಪೇಡೆ ಸುದ್ದಾ ಮುಟ್ತಿರಲಿಲ್ಲ! ನಿನಗ ಉರೀತೈತಿ ಅಂತ ನನಗ ಅವತ್ತ ಗೊತ್ತು. ಆದ್ರ ಉಪವಾಸ ಅಂತ ನನ್ನ ಒಬ್ಬಾಕಿನ್ನ ಕೂಡ್ಸಿದಿಯಲ್ಲ, ಅದಕ್ಕ ಸಿಟ್ಟು ನನಗ,” ಎಂದು ನನ್ನ ರೊಟ್ಟಿ ಮುರಿದಳು. “ಅಯ್ಯ, ಇಷ್ಟ ತೆಳ್ಳಗ ಹೆಂಗ ಮಾಡಿದಿ?”

ಹೇಗೆಂದು ಹೇಳಿದೆ. ನಕ್ಕು ನಕ್ಕು ಅವಳಿಗೆ ತುತ್ತು ನೆತ್ತಿಗೆ ಹತ್ತಿತು. ನಾನೇ ನೀರು ಕೊಟ್ಟೆ.

ಹೊಟ್ಟೆಕಿಚ್ಚು ಅವತ್ತೇ ಏನೂ ಹೋಗಲಿಲ್ಲ. ನಾನೂ ಓಡಿಸಲು ಹೋಗಲಿಲ್ಲ. ಸ್ವಲ್ಪ ದಿನ ನಮ್ಮ ಜೊತೆಗೇ ಊಟಕ್ಕೆ ಕೂತು, ಎಂದೋ ಎದ್ದು ಹೋಯಿತು. ಈಗಲೂ ಡಬ್ಬಿ ಬಿಚ್ಚಿದ ಕೂಡಲೇ ನಮ್ಮ ಇನ್‌ಚಾರ್ಜ್ ಮೇಡಂ ರೊಟ್ಟಿಯೊಂದನ್ನು ಬೆಳಕಿಗೆ ಹಿಡಿದು ಮುಖ ಸಿಂಡರಿಸುತ್ತಾಳೆ.

“ಇವತ್ತ ದಪ್ಪ ಆಗ್ಯಾವ. ಸಂಜಿಕ ನಿನ್ನ ಬೈದ ಕಳಸ್ತೀನಿ, ತಡಿ.”