ಕುದಿಯುವ ಪಾಕಕ್ಕೆ ಇಂಟರ್ವಲ್ ಇಲ್ಲ

2023ರ ಕಬ್ಬಿನ ಹಂಗಾಮು. ಚಿಕ್ಕೋಡಿಯ ವಾರಪತ್ರಿಕೆಯೊಂದಕ್ಕೆ ನಾನು ಸಿನಿಮಾ ವಿಮರ್ಶೆ ಬರೆಯುತ್ತಿದ್ದೆ. ಕಟೌಟಿಗೆ ಹಾಲೆರೆಯುವವರ ನಡುವೆ ಈ ಕೆಲಸವೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಗೆಳೆಯರು ಛೇಡಿಸುತ್ತಿದ್ದರು. ನಾನು ಹಟಮಾರಿ, ಬಾರಿಸುತ್ತಲೇ ಇದ್ದೆ.

ಶಿರಗುಪ್ಪಿಯ ಯುವ ನಿರ್ದೇಶಕಿ ಸುನಂದಾ ತನ್ನ ಎರಡನೆಯ ಚಿತ್ರವನ್ನು ಅಥಣಿಯ ಟಾಕೀಸಿಗೆ ತಂದದ್ದು ಆಗಲೇ. ಮೊದಲನೆಯದಕ್ಕೆ ಟಾಕೀಸೇ ಸಿಕ್ಕಿರಲಿಲ್ಲ. ಅವಳ ಚಿತ್ರಗಳಲ್ಲಿ ಮಾತು ಕಡಿಮೆ, ಹಾಡಿಲ್ಲ. ಲಾಂಗ್ ಟೇಕ್, ಅಂದರೆ ಕತ್ತರಿ ಹಾಕದೆ ಒಂದೇ ಉಸಿರಿಗೆ ತೆಗೆದ ದೃಶ್ಯ, ಅವಳ ಕೈಗುರುತು. ಚಿತ್ರವನ್ನು ಮೊದಲೇ ಅವಳ ಮನೆಯಲ್ಲಿ ನೋಡಿ ನಾನು ಬೆರಗಾಗಿದ್ದೆ. ಆದರೆ ಶುಕ್ರವಾರ ನಾನು ಟಾಕೀಸು ತಲುಪುವಷ್ಟರಲ್ಲಿ ಇಂಟರ್ವಲ್ ಮುಗಿದು ಅರ್ಧ ಜನ ಎದ್ದುಹೋಗಿದ್ದರು. ಟಾಕೀಸಿನ ಮಾಲೀಕ ಪಾಯಪ್ಪಣ್ಣ, "ನಾಳಿ ಸಂಜಿ ಶೋನೂ ಹಿಂಗಾದ್ರ ತಗದಬಿಡ್ತೀನ್ರಿ," ಎಂದರು. ಸುನಂದಾಳ ಮುಖ ನೋಡಲಾಗಲಿಲ್ಲ.

ಯಾವ ಚಿತ್ರವನ್ನೂ ನಾನು ಎರಡು ಸಲ ನೋಡುತ್ತೇನೆ. ಎರಡನೆಯ ಸಲ ಪರದೆಗೆ ಬೆನ್ನು ಹಾಕಿ, ಜನರನ್ನು. ಶನಿವಾರ ಮಧ್ಯಾಹ್ನ ಹಾಗೇ ನಿಂತೆ. ಪರದೆಯ ಮೇಲೆ ಬೆಲ್ಲದ ಗಾಣ, ಮಾತು ಬಿಟ್ಟ ಅತ್ತೆ ಸೊಸೆ. ಅತ್ತೆ ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಾಳೆ, ಸೊಸೆ ಪಾಕ ತಿರುವುತ್ತಾಳೆ. ಜನ ಬೇಸತ್ತಿರಲಿಲ್ಲ, ಮುಂದಕ್ಕೆ ಬಾಗಿ ಕೂತಿದ್ದರು! ಅಷ್ಟರಲ್ಲಿ ಫಕ್ಕನೆ ದೀಪ ಹತ್ತಿತು. ಸುನಂದಾ ಇಂಟರ್ವಲ್ ಇಟ್ಟಿರಲೇ ಇಲ್ಲ. ಆಪರೇಟರ್ ಗಡಿಯಾರ ನೋಡಿ ನಿಲ್ಲಿಸಿದ್ದ, ಭಜಿ ಮಾರಬೇಕಲ್ಲ. ಜನ ಮರಳಿ ಕೂಡುವಷ್ಟರಲ್ಲಿ ಅತ್ತೆ ಬಿಸಿ ಬೆಲ್ಲವನ್ನು ಊದಿ ಊದಿ ಸೊಸೆಯ ಬಾಯಿಗಿಟ್ಟದ್ದು ಮುಗಿದಿತ್ತು. ಇಡೀ ಚಿತ್ರ ನಿಂತಿದ್ದೇ ಆ ಕೈಯ ಮೇಲೆ.

ಸಿಟ್ಟು ನೆತ್ತಿಗೇರಿತು. ಪಾಯಪ್ಪಣ್ಣನ ಕೋಣೆಗೆ ನುಗ್ಗಿದೆ. ಅವರ ಮನೆತನಕ್ಕೂ ಗಾಣವಿತ್ತು.

"ಅಣ್ಣಾರ, ಪಾಕ ಕುದಿಯೋ ಮುಂದ ನಿಮ್ಮ ಗಾಣದಾಗ ಒಲಿ ಆರಿಸಿ ಚಾ ಕುಡಿಯಾಕ ಹೋಗ್ತಾರೇನ್ರಿ?"

"ಹುಚ್ಚ ಹಿಡದೈತೇನ್ರಿ? ಬೆಲ್ಲ ಕೆಟ್ಟಹೋಗ್ತೈತಿ!"

"ಮತ್ತ ಆ ಹುಡುಗಿ ಪಾಕ ಯಾಕ ಕೆಡಸಾಕತ್ತೀರಿ?"

ಅವರು ಕುರ್ಚಿ ಸರಿಸಿ ಎದ್ದರು. ಆಮೇಲೆ ಆಪರೇಟರನನ್ನು ಕೂಗಿ, "ಗಡಿಯಾರ ನೋಡಬ್ಯಾಡಲೇ, ಬೆಲ್ಲ ಆದಮ್ಯಾಲ ಲೈಟ್ ಹಚ್ಚು," ಎಂದರು.

ಸಂಜೆ ಸುನಂದಾ ಒಳಗೆ ಬರಲು ಹೆದರಿ ಬಾಗಿಲಲ್ಲೇ ನಿಂತಳು. ಪರದೆಯ ಮೇಲೆ ಅತ್ತೆಯ ಕೈ ಎದ್ದಿತು. ಹಿಂದಿನ ಸಾಲಿನಿಂದ ಹೆಂಗಸೊಬ್ಬಳು, "ಬಾಯಿ ತಗಿ ಬೇ ಯವ್ವಾ!" ಎಂದು ಕೂಗಿದಳು. ಸೊಸೆ ಬಾಯಿ ತೆರೆದಳು. ಶಿಳ್ಳೆಯೋ ಶಿಳ್ಳೆ! ನಾನು ಓಡಿಹೋಗಿ ಸುನಂದಾಳನ್ನು ಕೈಹಿಡಿದು ಒಳಗೆ ಎಳೆತಂದೆ. ಒಬ್ಬರೂ ಎದ್ದುಹೋಗಲಿಲ್ಲ. ಚಿತ್ರ ಮೂರು ವಾರ ಓಡಿ ನಿಪ್ಪಾಣಿಗೂ ಹೋಯಿತು. ಭಜಿಯೂ ಖರ್ಚಾಯಿತು.

ನಿರ್ದೇಶಕಿಯ ಲಯ ಜನರಿಗೆ ಇಡಿಯಾಗಿ ತಲುಪಿತೇ ಎಂದು ಮೊದಲು ನೋಡಬೇಕು, ತೀರ್ಪು ಆಮೇಲೆ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ. ಛೇಡಿಸುತ್ತಿದ್ದ ಗೆಳೆಯರಿಗೂ ಈಗ ಉತ್ತರವಿದೆ: ಆ ಟಾಕೀಸಿನಲ್ಲಿ ಕೋಣ ಒಂದೂ ಇರಲಿಲ್ಲ, ಕಿನ್ನರಿಯನ್ನು ನಾವೇ ನಡುವೆ ಕಸಿದುಕೊಳ್ಳುತ್ತಿದ್ದೆವು.