ಕೆಂಪಿಯ ಹೊಟ್ಟೆ, ನಮ್ಮ ಮುಸುರೆ

ಆಗೆಲ್ಲ ಲಗ್ಗೆರೆಯ ನಮ್ಮ ಸಾಲುಮನೆಯಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕರೆ, ಜೊತೆಗೆ ಒಂದು ಬಕೆಟ್ಟೂ ಸಿಗುತ್ತಿತ್ತು. ಗೋಡೆಗೆ ಬಣ್ಣ ಬಳಿದ ಮೇಲೆ ಉಳಿಯುತ್ತದಲ್ಲ, ಆ ಬಿಳಿ ಬಕೆಟ್ಟು. ನಾವು ಯಾದಗಿರಿ ಕಡೆಯಿಂದ ಗಂಟುಮೂಟೆ ಹೊತ್ತು ಬಂದ ದಿನ, ಅವ್ವ ಇನ್ನೂ ಒಲೆ ಹಚ್ಚಿರಲಿಲ್ಲ, ಅಷ್ಟರಲ್ಲೇ ಮುನಿತಾಯಮ್ಮ ಬಂದು ಅದನ್ನು ನಮ್ಮ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು.

“ಅಕ್ಕಿ ತೊಳ್ದ ನೀರು, ತರಕಾರಿ ಸಿಪ್ಪೆ ಎಲ್ಲ ಇದ್ರೊಳಕ್ಕೆ ಆಕಮ್ಮ. ಸೋಪಿನ ನೀರು, ಪ್ಲಾಸ್ಟಿಕ್ ಕವರ್ ಮಾತ್ರ ಬ್ಯಾಡ. ನಮ್ ಕೆಂಪಿ ತಿಂತಾಳೆ.”

ಮುನಿತಾಯಮ್ಮ ಲಗ್ಗೆರೆಯಲ್ಲೇ ಹುಟ್ಟಿ ಬೆಳೆದವರು. ಅವರ ರಾಗಿ ಹೊಲವಿದ್ದ ಕಡೆ ಕಾರ್ಖಾನೆ ಶೆಡ್ಡುಗಳು ಎದ್ದಿದ್ದವು. ಉಳಿದದ್ದು ಸಾಲಿನ ಕೊನೆಯಲ್ಲಿ ಒಂದು ಕೊಟ್ಟಿಗೆ, ಅದರಲ್ಲೊಂದು ಕೆಂಪು ಹಸು. ಅವರ ಸಂಸಾರ ನಡೆಯುತ್ತಿದ್ದುದೇ ಅದರ ಹಾಲಿನಿಂದ. ಬೆಳಿಗ್ಗೆ ಅವರು ಮನೆ ಮನೆಯ ಮುಸುರೆ ಎತ್ತಿಕೊಂಡು ಹೋಗುವರು, ಸಂಜೆ ಅದೇ ಮನೆಗಳಿಗೆ ಹಾಲು ತರುವರು. ಮುಸುರೆ ಕೊಟ್ಟ ಮನೆಯ ಚೊಂಬಿಗೆ ಅಳತೆಯ ಮೇಲೆ ಒಂದಿಷ್ಟು ಕೊಸರು ಬೀಳುತ್ತಿತ್ತು. ಸಗಣಿ ಹಿಂದಿನ ಖಾಲಿ ಸೈಟಿನಲ್ಲಿ ಸೊಪ್ಪು ಬೆಳೆಯುವವರಿಗೆ ಹೋಗುತ್ತಿತ್ತು. ಆ ದಂಟು, ಮೆಂತ್ಯ ಮತ್ತೆ ನಮ್ಮ ಅಡುಗೆಮನೆಗೇ ಬಂದು, ಅದರ ಕಡ್ಡಿ ಬಕೆಟ್ಟಿಗೆ ಬೀಳುತ್ತಿತ್ತು. ನಮ್ಮ ಸಾಲಿನಿಂದ ಕಸದ ಗಾಡಿಗೆ ಹೋಗುತ್ತಿದ್ದುದು ಒಲೆಯ ಬೂದಿ, ಹರಿದ ಚಪ್ಪಲಿ, ಅಷ್ಟೇ. ಇದನ್ನೆಲ್ಲ ಯಾರೂ ದೊಡ್ಡ ಕೆಲಸ ಅಂದುಕೊಂಡಿರಲಿಲ್ಲ. ಈಗ ನೆನೆದರೆ ನನಗೆ ಆ ಜನರ ಬಗ್ಗೆ ಹೆಮ್ಮೆಯಾಗುತ್ತದೆ.

ಆ ವರ್ಷ ದಸರೆಯ ಹೊತ್ತಿಗೆ ಕೆಂಪಿ ತುಂಬು ಗಬ್ಬ. ಹಾಲು ಬತ್ತಿಸಿದ್ದರಿಂದ ನಾವೆಲ್ಲ ಪ್ಯಾಕೆಟ್ ಹಾಲಿನ ಚಹಾ ಕುಡಿಯುತ್ತ ಮೂಗು ಮುರಿಯುತ್ತಿದ್ದೆವು. ನಾವು ಮಕ್ಕಳು ಲಗೋರಿ ಆಡುವಾಗ ಚೆಂಡು ಕೊಟ್ಟಿಗೆ ಕಡೆ ಹೋದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಹೊಟ್ಟೆಗೆ ಕಿವಿ ಇಟ್ಟು, ಒಳಗೆ ಕರು ಒದೆಯಿತು ಎಂದು ಪ್ರತಿಯೊಬ್ಬರೂ ಸುಳ್ಳು ಹೇಳುತ್ತಿದ್ದೆವು.

ಆಯುಧಪೂಜೆಯ ದಿನ ಪೀಣ್ಯದ ಶೆಡ್ಡು ಶೆಡ್ಡಿನಲ್ಲೂ ಬೂದುಗುಂಬಳ ಒಡೆದು, ಯಂತ್ರಗಳಿಗೆ ಚೆಂಡುಹೂ ಮುಡಿಸಿ, ಕೆಲಸದವರಿಗೆ ಊಟ ಹಾಕಿ ಕಳಿಸುತ್ತಿದ್ದರು. ಅಪ್ಪ ಮಧ್ಯಾಹ್ನವೇ ಬಂದ. ಯಾವತ್ತೂ ಎಣ್ಣೆ ವಾಸನೆ ಹೊಡೆಯುತ್ತಿದ್ದ ಅವನ ಅಂಗಿ ಅವತ್ತು ಊದಿನಕಡ್ಡಿ ಘಮ ಸೂಸುತ್ತಿತ್ತು. ಕೈಯಲ್ಲಿ ಕಡಲೆಪುರಿ, ಬೂಂದಿ, ಪುಲಾವಿನ ಪೊಟ್ಟಣಗಳು. ಎಲ್ಲ ಮನೆಯ ಗಂಡಸರೂ ಹಾಗೇ ಬಂದರು. ತಿಂದು ಮುಗಿಯದಷ್ಟು ಅನ್ನ ಸಾಲಿಗೆ ಬಂದುಬಿಟ್ಟಿತ್ತು.

ಇಳಿಹೊತ್ತಿಗೆ ಮುನಿತಾಯಮ್ಮ ಕೂಗಿಕೊಂಡರು. ನಾವು ಓಡಿದೆವು. ಕೆಂಪಿಯ ಎಡ ಪಕ್ಕೆ ತಮಟೆಯ ಹಾಗೆ ಬಿಗಿದು ಉಬ್ಬಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಾಲು ನಡುಗುತ್ತಿತ್ತು. ಅಪ್ಪ ತನ್ನ ಮೊಬೈಲಿನಿಂದ ಪಶುಡಾಕ್ಟರಿಗೆ ಫೋನು ಹಚ್ಚಿದ. ಅವರು ಹಬ್ಬಕ್ಕೆಂದು ದೂರ ಹೋಗಿದ್ದರು.

“ಹೊರಟೆ, ಬರ್ತೀನಿ. ಅಲ್ಲೀವರ್ಗೂ ಏನಾದ್ರೂ ಮಾಡ್ಬೇಕು ಅಂದ್ರೆ ಅದು ಏನು ತಿಂದಿದೆ, ಎಷ್ಟು ತಿಂದಿದೆ ಗೊತ್ತಾಗ್ಬೇಕು. ಕೇಳಿ ಹೇಳ್ರಿ.”

ಮುನಿತಾಯಮ್ಮ ಎಲ್ಲರ ಮುಖ ನೋಡಿದರು. “ಯಾರು ಏನು ಆಕಿದ್ರಿ ಯೋಳ್ರಪ್ಪ. ನಾ ಬೈಯಾಕಿಲ್ಲ. ಎರಡು ಜೀವ ಐತೆ.”

ಯಾರೂ ಬಾಯಿಬಿಡಲಿಲ್ಲ. ಹಸು ಸತ್ತರೆ ಆ ಹೆಂಗಸಿನ ಗತಿಯೇನು ಎಂಬುದು ಎಲ್ಲರಿಗೂ ಗೊತ್ತಿತ್ತು, ತನ್ನಿಂದಲೇ ಸತ್ತಿತು ಅನ್ನಿಸಿಕೊಳ್ಳಲು ಯಾರಿಗೆ ಧೈರ್ಯ? ಅದರಲ್ಲೂ ಪರ ಊರಿಂದ ಬಂದು ಬಾಡಿಗೆಗಿದ್ದವರಿಗೆ. ಅಪ್ಪ ಒಂದು ಹೆಜ್ಜೆ ಮುಂದೆ ಬಂದ.

“ನಾ ಹಾಕೀನ್ರೀ ಅಮ್ಮಾರ. ಪುಲಾವ್ ಉಳದಿತ್ರೀ. ಬಸರಿ ಅದ, ತಿನ್ಲಿ ಅಂತ ತಂದು ಮುಂದ ಇಟ್ಟೆ. ತಪ್ಪಾಯ್ತು.”

ಪಕ್ಕದ ಮನೆಯ ಸೆಲ್ವಿಯಕ್ಕ ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ನಾನೂ ಹಾಕ್ದೆ ಅಮ್ಮ. ಪೊಂಗಲ್ಲು, ಒಂದು ಪಾತ್ರೆ,” ಎಂದಳು. ಆಮೇಲೆ ಕಟ್ಟೆ ಒಡೆದಂತಾಯಿತು. ಒಬ್ಬರು ಚಿತ್ರಾನ್ನ ಅಂದರು, ಇನ್ನೊಬ್ಬರು ಪೂರಿ ಅಂದರು, ಮೂಲೆಮನೆಯ ಮುದುಕ ನಾಚಿಕೊಂಡು ಬೂಂದಿ ಅಂದ. ಬಕೆಟ್ಟಿಗಾದರೂ ಹಾಕಿದ್ದರೆ ಮುನಿತಾಯಮ್ಮನ ಕಣ್ಣಿಗೆ ಬೀಳುತ್ತಿತ್ತು. ಹಬ್ಬದ ದಿನ ಮುಸುರೆ ಕೊಡುವುದೇ ಎಂದು ಪ್ರತಿಯೊಂದು ಮನೆಯವರೂ ಎಲೆಯಲ್ಲಿ ಬಡಿಸಿ, ಯಾರಿಗೂ ಹೇಳದೆ, ಬಸುರಿಗೆ ಊಟ ಮಾಡಿಸಿ ಬಂದಿದ್ದರು.

ಅಪ್ಪ ಫೋನಿನಲ್ಲಿ ಎಲ್ಲವನ್ನೂ ಒಪ್ಪಿಸಿದ. “ಅನ್ನ ಹುಳಿ ಬಂದಿದೆ ಹೊಟ್ಟೇಲಿ. ಅಡುಗೆ ಸೋಡಾ ನೀರಲ್ಲಿ ಕದಡಿ ಕುಡ್ಸಿ. ಮಲಗಕ್ಕೆ ಬಿಡ್ಬೇಡಿ, ನಡೆಸ್ತಾ ಇರಿ,” ಎಂದು ಡಾಕ್ಟರು ಎಷ್ಟು ಹಾಕಬೇಕೆಂದೂ ಹೇಳಿದರು.

ಅವ್ವ ಮಿರ್ಚಿ ಭಜಿಗೆಂದು ಇಟ್ಟಿದ್ದ ಸೋಡಾ ತಂದಳು, ಸಾಲದ್ದಕ್ಕೆ ಸೆಲ್ವಿಯಕ್ಕನ ಮನೆಯದೂ ಬಂತು. ಮುನಿತಾಯಮ್ಮ ಬಿದಿರಿನ ಗೊಟ್ಟದಲ್ಲಿ ತುಂಬಿ ಕುಡಿಸಿದರು. ಆಮೇಲೆ ಇಡೀ ಸಾಲು ಕೆಂಪಿಯ ಜೊತೆ ಗಲ್ಲಿಯಲ್ಲಿ ಅತ್ತಿಂದಿತ್ತ ನಡೆಯಿತು. ಒಬ್ಬರು ಹಗ್ಗ ಹಿಡಿದರೆ ಇನ್ನೊಬ್ಬರು ಪಕ್ಕೆ ತಿಕ್ಕುವರು. ಡಾಕ್ಟರು ಸ್ಕೂಟರಿನಲ್ಲಿ ಬಂದು ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ಕೆಂಪಿ ಗಲ್ಲಿಯೆಲ್ಲ ಕೇಳುವಂತೆ ತೇಗಿದಳು, ಹಿಂದೆಯೇ ಸಗಣಿ ಹಾಕಿದಳು. ಸಗಣಿ ನೋಡಿ ಜನ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ನೀವು ಬಾಯಿ ಬಿಟ್ಟಿದ್ಕೆ ಉಳ್ಕೊಂಡ್ಳು,” ಎಂದು ಮುನಿತಾಯಮ್ಮ ಅಪ್ಪನ ಕೈ ಹಿಡಿದುಕೊಂಡರು. ದೀಪಾವಳಿಗೆ ಮೊದಲು ಕೆಂಪಿ ಹೆಣ್ಣುಕರು ಹಾಕಿದಳು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ಎಲ್ಲ ಮನೆಗೂ ಬಂತು. ನಮ್ಮ ಮನೆಯ ತುಂಡು ತುಸು ದೊಡ್ಡದಿತ್ತು ಎಂದು ನಾನು ಈಗಲೂ ವಾದಿಸುತ್ತೇನೆ.

ಈಗ ಆ ಕೊಟ್ಟಿಗೆಯ ಜಾಗದಲ್ಲಿ ಪಿ.ಜಿ. ಎದ್ದಿದೆ. ನಾನಿರುವುದು ನಗರದ ಇನ್ನೊಂದು ತುದಿಯಲ್ಲಿ, ಹೂಡಿಯ ಅಪಾರ್ಟ್‌ಮೆಂಟಿನಲ್ಲಿ. ಸೊಪ್ಪು ಎಲ್ಲಿಂದಲೋ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬರುತ್ತದೆ. ಅದರ ಕಡ್ಡಿ ಹಸಿರು ಡಬ್ಬಕ್ಕೆ ಬಿದ್ದು ಎಲ್ಲಿಗೋ ಹೋಗುತ್ತದೆ. ಹೋದ ತಿಂಗಳು ಅವ್ವ ಬಂದಿದ್ದಾಗ ಹೀರೇಕಾಯಿ ಸಿಪ್ಪೆ ಹಿಡಿದು ಆ ಡಬ್ಬದ ಮುಂದೆ ನಿಂತಳು.

“ಇದು ಯಾರಿಗಿ ಹೋಗ್ತದ?”

“ಲಾರಿಗೆ ಹೋಗುತ್ತೆ ಅವ್ವಾ.”

“ಲಾರಿ ತಿಂತದೇನ?”

ನಾನು ನಕ್ಕೆ. ಅವ್ವ ನಗಲಿಲ್ಲ. ಒಂದೊಂದು ಮನೆಯೂ ತಾನು ಹಾಕಿದ್ದು ಯಾರ ಹೊಟ್ಟೆ ಸೇರಿತೆಂದು ಹೇಳಬಲ್ಲ ಗಲ್ಲಿಯಲ್ಲಿ ಬದುಕಿದವಳು ಅವಳು. ಸಿಪ್ಪೆಯನ್ನು ಡಬ್ಬಕ್ಕೆ ಹಾಕದೆ ಅಡುಗೆ ಕಟ್ಟೆಯ ಮೇಲೇ ಇಟ್ಟಳು.